ಎರಡು ವರ್ಷ ಹಳೆಯ ಶಾಂತಿ: ಎಬೆರಾನ್ ಲೋಕದ ಯುದ್ಧೋತ್ತರ ಚರಿತ್ರೆ, ಒಂದು ಪ್ರಕರಣ ಅಧ್ಯಯನ

ಒಂಬತ್ತನೆಯ ಸೆಷನ್ ಮುಗಿಯುವ ಹೊತ್ತಿಗೆ ನಮ್ಮ ಗುಂಪಿನ ಆಟಗಾರನೊಬ್ಬ ದಾಳಗಳನ್ನು ಡಬ್ಬಿಗೆ ಹಾಕುತ್ತಾ ಕೇಳಿದ: “ಹಾಗಿದ್ರೆ ಕಾರ್ನಾಥ್‌ನವ್ರು ನಾಳೇನೇ ಮತ್ತೆ ಯುದ್ಧ ಶುರು ಮಾಡ್ಬಹುದಲ್ಲ ಗುರು? ಅವ್ರನ್ನ ತಡೀತಿರೋದು ಏನು?” ಕಾರ್ನಾಥ್ ಎಂಬುದು ನಮ್ಮ ಆಟದ ಕಾಲ್ಪನಿಕ ಲೋಕದ ಒಂದು ನಾಡು, ಆಟ ನಡೆಸುತ್ತಿದ್ದವನು ನಾನು. ಆ ಲೋಕದ ಚರಿತ್ರೆಯ ಬಗ್ಗೆ ನಾನೇ ಬರೆದಿಟ್ಟುಕೊಂಡಿದ್ದ ನಲವತ್ತು ಪುಟಗಳ ಟಿಪ್ಪಣಿ ಎದುರಿಗೇ ಇತ್ತು. ಆದರೂ ಬಾಯಿಗೆ ಉತ್ತರ ಬರಲಿಲ್ಲ, ಏಕೆಂದರೆ ಅವರನ್ನು ತಡೆಯುತ್ತಿದ್ದ ಒಂದೇ ಒಂದು ಸಂಗತಿಯನ್ನು ಹಿಂದಿನ ವಾರ ನಾನೇ ಕಿತ್ತು ಹಾಕಿದ್ದೆ. ಆ ತಪ್ಪು ಯಾವುದು, ಅದರಿಂದ ಇಡೀ ಲೋಕ ಹೇಗೆ ಸಡಿಲವಾಯಿತು, ಅದನ್ನು ಸರಿಪಡಿಸುವ ಸಲುವಾಗಿ ಮೂಲ ಚರಿತ್ರೆಯನ್ನು ಮತ್ತೊಮ್ಮೆ ಓದಿದಾಗ ಅದರ ಕಟ್ಟೋಣದಲ್ಲಿ ಏನೇನು ಕಂಡಿತು ಎಂಬುದು ಈ ಬರಹದ ವಿಷಯ.

ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ, ಒಬ್ಬ ಕಥೆ ನಡೆಸುತ್ತಾ ಉಳಿದವರು ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಆಡುವ ಆಟದ ಎಬೆರಾನ್ ಎಂಬ ಲೋಕದಲ್ಲಿ. ಈ ಲೋಕ ಹುಟ್ಟಿದ್ದು ಒಂದು ಸ್ಪರ್ಧೆಯಿಂದ. ಈ ಆಟವನ್ನು ಪ್ರಕಟಿಸುವ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2002ರಲ್ಲಿ ಹೊಸ ಲೋಕವೊಂದರ ಕಲ್ಪನೆಯನ್ನು ಸಾರ್ವಜನಿಕರಿಂದ ಆಹ್ವಾನಿಸಿದಾಗ ಸುಮಾರು 11,000 ಪ್ರಸ್ತಾವನೆಗಳು ಬಂದವು. ಮೊದಲ ಸುತ್ತಿಗೆ ಕೇಳಿದ್ದು ಒಂದೇ ಪುಟ. ಕೊನೆಗೆ ಆಯ್ಕೆಯಾದದ್ದು ಕೀತ್ ಬೇಕರ್ ಅವರ ಕಲ್ಪನೆ, ಅದು 2004ರಲ್ಲಿ ಪುಸ್ತಕವಾಗಿ ಹೊರಬಂತು. ರೈಲು, ಹಾರುವ ಹಡಗು, ದೀಪ, ಅಂಚೆ ಎಲ್ಲವೂ ಮಂತ್ರಶಕ್ತಿಯಿಂದ ನಡೆಯುವ ಲೋಕ ಎಂದು ಇದನ್ನು ಸಾಮಾನ್ಯವಾಗಿ ಪರಿಚಯಿಸುತ್ತಾರೆ. ಆ ಪರಿಚಯ ಸುಳ್ಳಲ್ಲವಾದರೂ, ನನ್ನ ಮಟ್ಟಿಗೆ ಎಬೆರಾನ್‌ನ ನಿಜವಾದ ಸಾಧನೆ ಇರುವುದು ಅದರ ಯುದ್ಧೋತ್ತರ ಚರಿತ್ರೆಯಲ್ಲಿ. ಹಾರುವ ಹಡಗನ್ನು ಯಾರು ಬೇಕಾದರೂ ಕಲ್ಪಿಸಿಕೊಳ್ಳಬಹುದು, ಆದರೆ ಯುದ್ಧ ಮುಗಿದ ಮೇಲೆ ಆ ಹಡಗಿನ ಮಾಲೀಕನ ಮೇಲೆ ಯಾವ ರಾಜನಿಗೂ ಹಿಡಿತವಿಲ್ಲದಂತಾಗುವುದು ಹೇಗೆ ಎಂದು ಯೋಚಿಸಲು ಬೇರೆಯೇ ಬಗೆಯ ಕಸುಬು ಬೇಕು.

ಯುದ್ಧದ ಮೂಲ ಕಾರಣದಿಂದಲೇ ಈ ಕಸುಬು ಕಾಣತೊಡಗುತ್ತದೆ. ಖೋರ್ವೇರ್ ಎಂಬ ಖಂಡವನ್ನು ಆಳುತ್ತಿದ್ದ ಗ್ಯಾಲಿಫಾರ್ ಸಾಮ್ರಾಜ್ಯದಲ್ಲಿ ಐದು ಪ್ರಾಂತ್ಯಗಳಿದ್ದವು: ಸೈರ್, ಕಾರ್ನಾಥ್, ಥ್ರೇನ್, ಬ್ರೆಲ್ಯಾಂಡ್, ಆನ್‌ಡೇರ್. ದೊರೆಯ ಐವರು ಮಕ್ಕಳು ಒಂದೊಂದು ಪ್ರಾಂತ್ಯವನ್ನು ನೋಡಿಕೊಳ್ಳುವುದು, ದೊರೆ ತೀರಿಕೊಂಡಾಗ ಹಿರಿಯ ಮಗುವಿಗೆ ಪಟ್ಟವಾಗುವುದು, ಹೊಸ ದೊರೆಯ ಮಕ್ಕಳಿಗಾಗಿ ಉಳಿದ ಒಡಹುಟ್ಟಿದವರು ಪ್ರಾಂತ್ಯಗಳನ್ನು ಬಿಟ್ಟುಕೊಡುವುದು ಅಲ್ಲಿನ ಸಂಪ್ರದಾಯ. ಈ ವ್ಯವಸ್ಥೆಯನ್ನು ಓದಿದ ಕೂಡಲೇ ಅದು ಎಲ್ಲಿ ಮುರಿಯುತ್ತದೆ ಎಂಬುದು ಕಂಡುಬಿಡುತ್ತದೆ. ಹತ್ತಾರು ವರ್ಷ ತಾನೇ ಆಳಿದ ನಾಡನ್ನು, ತನ್ನದೇ ಸೇನೆಯನ್ನು, ತನ್ನ ಕೈಯಲ್ಲಿ ಬೆಳೆದ ಅಧಿಕಾರಿಗಳನ್ನು ಅಣ್ಣನ ಅಥವಾ ಅಕ್ಕನ ಎಳೆಯ ಮಕ್ಕಳಿಗೆ ಒಪ್ಪಿಸಿ ಸುಮ್ಮನೆ ಎದ್ದು ಹೋಗಬೇಕು. ಅಲ್ಲಿನ ಪಂಚಾಂಗದ 894ನೇ ವರ್ಷದಲ್ಲಿ ಜಾರೊಟ್ ದೊರೆ ತೀರಿಕೊಂಡಾಗ ಹಿರಿಯ ಮಗಳಾದ ಸೈರ್‌ನ ಮಿಶಾನ್ ಪಟ್ಟಕ್ಕೆ ಬರಬೇಕಿತ್ತು. ಥ್ರೇನ್‌ನ ಥಾಲಿನ್, ಕಾರ್ನಾಥ್‌ನ ಕೈಯಸ್, ಬ್ರೆಲ್ಯಾಂಡ್‌ನ ರೋವಾನ್ ಒಪ್ಪಲಿಲ್ಲ. ಆನ್‌ಡೇರ್‌ನ ರೋಗರ್ ಮಾತ್ರ ಅಕ್ಕನ ಪರ ನಿಂತ. ಯುದ್ಧ 102 ವರ್ಷ ನಡೆಯಿತು. ಇಲ್ಲಿ ರಾಕ್ಷಸನಿಲ್ಲ, ಕತ್ತಲೆಯ ಒಡೆಯನಿಲ್ಲ, ಮನೆಯೊಳಗಿನ ಆಸ್ತಿ ಜಗಳವೇ ಖಂಡದ ಜಗಳವಾಗಿದೆ. ಹೀಗಿರುವುದರಿಂದ ಮುಂದೆ ಯಾವ ನಾಡಿನಿಂದ ಬಂದ ಪಾತ್ರಕ್ಕೂ ತನ್ನವರದ್ದೇ ನ್ಯಾಯ ಎಂದು ಪ್ರಾಮಾಣಿಕವಾಗಿ ವಾದಿಸುವ ಅವಕಾಶ ಉಳಿಯುತ್ತದೆ.

ಯುದ್ಧದ ನಡುವಿನ ದಶಕಗಳ ಬಗ್ಗೆ ಪುಸ್ತಕಗಳು ಹೇಳುವುದು ಕಡಿಮೆಯೇ. ಮೈತ್ರಿಗಳು ಮುರಿದವು, ಮತ್ತೆ ಕೂಡಿದವು, ಅಂಚಿನ ನಾಡುಗಳು ಒಂದೊಂದಾಗಿ ಕಳಚಿಕೊಂಡವು. ಇದು ಸೋಮಾರಿತನ ಎಂದು ನಾನು ಮೊದಲು ಎಣಿಸಿದ್ದೆ. ನನ್ನ ನಲವತ್ತು ಪುಟಗಳಲ್ಲಿ ಮೂವತ್ತನ್ನು ಆ ಖಾಲಿ ಜಾಗ ತುಂಬಲೆಂದೇ ಬರೆದೆ: ಯಾವ ಕಣಿವೆಯಲ್ಲಿ ಯಾರು ಯಾರನ್ನು ಸುತ್ತುವರಿದರು, ಯಾವ ಸೇನಾನಿ ಯಾವಾಗ ಪಕ್ಷ ಬದಲಿಸಿದ ಇತ್ಯಾದಿ. ಒಂಬತ್ತು ಸೆಷನ್‌ಗಳಲ್ಲಿ ಆ ಮೂವತ್ತು ಪುಟಗಳಿಂದ ಬಳಕೆಗೆ ಬಂದದ್ದು ಒಂದು ಸೇತುವೆ ಮಾತ್ರ, ಅದೂ ಮುರಿದ ಸೇತುವೆಯಾಗಿ, ಏಕೆಂದರೆ ಆಟಗಾರರು ಹೊಳೆ ದಾಟಬೇಕಿತ್ತು.

ಪುಸ್ತಕದಲ್ಲಿ ಬಳಕೆಗೆ ಬರುವ ಭಾಗ ಬೇರೆ ಇದೆ. ಶಾರ್ನ್ ಎಂಬ ಗೋಪುರಗಳ ನಗರದಲ್ಲಿ ತೇಲುತ್ತಿದ್ದ ಗಾಜಿನ ಗೋಪುರವೊಂದು 918ರಲ್ಲಿ ವಿಧ್ವಂಸಕ ಕೃತ್ಯಕ್ಕೆ ಬಲಿಯಾಗಿ ಕೆಳಗಿನ ಬಡಾವಣೆಯ ಮೇಲೆ ಬಿತ್ತು. ಆಟ ಆರಂಭವಾಗುವುದು 998ರಲ್ಲಿ. ಎಂಬತ್ತು ವರ್ಷ ಕಳೆದರೂ ಆ ಬಡಾವಣೆ ಪಾಳುಬಿದ್ದೇ ಇದೆ, ಜನ ಅದನ್ನು ‘ಬಿದ್ದ ಕೇರಿ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ನೂರು ಕಾಳಗಗಳ ಪಟ್ಟಿ ಕೊಡಲಾರದ್ದನ್ನು ಆ ಕೇರಿಯ ಒಂದು ಓಣಿ ಕೊಡುತ್ತದೆ: ಅಲ್ಲಿ ಕಾಲಿಟ್ಟ ಆಟಗಾರ, ಯಾರೂ ವಿವರಿಸದೆಯೇ, ಈ ನಗರಕ್ಕೆ ಗೋಪುರ ಎತ್ತುವ ಹಣವಿದೆ, ಈ ಕಲ್ಲುಗಳನ್ನು ತೆಗೆಯುವ ಮನಸ್ಸಿಲ್ಲ ಎಂದು ತಿಳಿದುಕೊಳ್ಳುತ್ತಾನೆ.

ಇನ್ನು ಯುದ್ಧ ನಿಂತ ಬಗೆ. 994ರ ಓಲಾರೂನ್ ತಿಂಗಳ 20ರಂದು ಸೈರ್ ಎಂಬ ಇಡೀ ನಾಡು ಒಂದೇ ದಿನದಲ್ಲಿ ನಾಶವಾಯಿತು. ಗಡಿಯುದ್ದಕ್ಕೂ ಸತ್ತ ಬೂದುಬಣ್ಣದ ಮಂಜು ಗೋಡೆಯಂತೆ ನಿಂತಿತು. ಅದರೊಳಗೆ ಹೆಣಗಳು ಕೊಳೆಯುವುದಿಲ್ಲ, ಗಾಯಗಳು ಮಾಯುವುದಿಲ್ಲ. ಯಾರು ಮಾಡಿದರು, ಯಾವುದರಿಂದ ಆಯಿತು, ಅದೊಂದು ಅಸ್ತ್ರವೋ, ಅಪಘಾತವೋ, ದೈವದ ಮುನಿಸೋ ಎಂಬುದು ಲೋಕದೊಳಗೆ ಯಾರಿಗೂ ತಿಳಿಯದು. ಅಧಿಕೃತ ಪುಸ್ತಕಗಳು ಎಂದಿಗೂ ಅದನ್ನು ಹೇಳುವುದಿಲ್ಲವೆಂಬುದು ಕರ್ತೃವಿನ ಘೋಷಿತ ನಿಲುವು. ಕಾರಣವನ್ನು ಆಯಾ ಆಟದವರೇ ಬೇಕಿದ್ದರೆ ನಿರ್ಧರಿಸಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ಈ ಅಜ್ಞಾನದ ಮೇಲೆಯೇ ಶಾಂತಿ ನಿಂತಿದೆ. ಮತ್ತೆ ಯುದ್ಧ ಹೂಡಿದರೆ ಮುಂದಿನ ಸೈರ್ ತಮ್ಮದೇ ನಾಡಾದೀತು ಎಂಬ ಭಯ ಉಳಿದೆಲ್ಲರನ್ನೂ ಸಂಧಾನದ ಮೇಜಿಗೆ ಎಳೆದು ತಂದಿತು. ಯುದ್ಧ ಸಾಕೆಂದು ಮನಸಾರೆ ಒಪ್ಪಿದವರು ಕೆಲವರು ಮಾತ್ರ.

ಥ್ರೋನ್‌ಹೋಲ್ಡ್ ಒಪ್ಪಂದಕ್ಕೆ ಸಹಿ ಬಿದ್ದದ್ದು 996ರ ಆರಿತ್ ತಿಂಗಳ 11ರಂದು. ಆರಿತ್ ಆ ಪಂಚಾಂಗದ ಹನ್ನೊಂದನೆಯ ತಿಂಗಳು. ಹನ್ನೊಂದನೆಯ ತಿಂಗಳ ಹನ್ನೊಂದನೆಯ ದಿನ ಎಂದರೆ 1918ರ ನವೆಂಬರ್ 11ರ ಕದನವಿರಾಮ ನೆನಪಾಗದೆ ಇರದು, ಮತ್ತು ಆ ನೆನಪಿನೊಂದಿಗೇ ಓದಿದರೆ ಒಪ್ಪಂದದ ಸ್ವರೂಪವೂ ಬೇಗ ಅರ್ಥವಾಗುತ್ತದೆ. ಹನ್ನೆರಡು ನಾಡುಗಳು ಪರಸ್ಪರ ಮಾನ್ಯತೆ ಕೊಟ್ಟುಕೊಂಡವು. ಸೈರ್‌ಗೆ ಮಾನ್ಯತೆ ಸಿಗಲಿಲ್ಲ, ನಾಡೇ ಇಲ್ಲವಾದ ಮೇಲೆ ಯಾವುದಕ್ಕೆ ಮಾನ್ಯತೆ ಎಂಬ ತರ್ಕ. ಆದರೆ 956ರಲ್ಲಿ ಸೈರ್‌ನ ಆಗ್ನೇಯ ಭಾಗವನ್ನು ತಮ್ಮದೆಂದು ಸಾರಿಕೊಂಡ ಎಲ್ಫ್ ಎಂಬ ದೀರ್ಘಾಯುಷಿ ಜನವರ್ಗದ ಕೂಲಿಪಡೆಯವರ ವಾಲೆನಾರ್‌ಗೆ ಮಾನ್ಯತೆ ಸಿಕ್ಕಿತು. 969ರಲ್ಲಿ ಸೈರ್‌ನದೇ ಇನ್ನೊಂದು ತುಂಡನ್ನು ಕಸಿದುಕೊಂಡ ಗಾಬ್ಲಿನ್ ಎಂಬ ಇನ್ನೊಂದು ಜನವರ್ಗದ ಡಾರ್ಗೂನ್‌ಗೂ ಸಿಕ್ಕಿತು. ಕಳೆದುಕೊಂಡವರಿಗೆ ಕುರ್ಚಿಯಿಲ್ಲದ ಸಭೆಯಲ್ಲಿ ಕಸಿದುಕೊಂಡವರು ಕೂತು ಸಹಿ ಹಾಕಿದರು. ಆನ್‌ಡೇರ್‌ನ ಹಳೆಯ ನಗರವಾದ ಥಾಲಿಯೋಸ್ಟ್ ಯುದ್ಧದಲ್ಲಿ ಥ್ರೇನ್‌ನ ಕೈಸೇರಿತ್ತು, ಒಪ್ಪಂದ ಅದನ್ನು ಅಲ್ಲಿಯೇ ಬಿಟ್ಟಿತು. ಈ ಕಲಮುಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಪ್ರತಿಯೊಂದೂ ಯಾರದೋ ಮನೆಯಲ್ಲಿ ಒಂದು ದೂರನ್ನು ಉಳಿಸಿಯೇ ಮುಗಿಯುವಂತೆ ಬರೆದಿರುವುದು ತಿಳಿಯುತ್ತದೆ. ಸೈರ್‌ನ ರಾಜಕುಮಾರ ಓರ್ಗೆವ್ ನಾಶದ ದಿನ ರಾಯಭಾರಿಯಾಗಿ ಬ್ರೆಲ್ಯಾಂಡ್‌ನಲ್ಲಿದ್ದುದರಿಂದ ಬದುಕಿಕೊಂಡ. ಈಗ ಅಲ್ಲಿನ ದೊರೆ ಬೊರಾನೆಲ್ ಬಿಟ್ಟುಕೊಟ್ಟ ಜಾಗದಲ್ಲಿ, ಹೊಸ ಸೈರ್ ಎಂಬ ನಿರಾಶ್ರಿತರ ಊರಿನಲ್ಲಿ, ಇಲ್ಲದ ರಾಜ್ಯದ ದರ್ಬಾರು ನಡೆಸುತ್ತಿದ್ದಾನೆ.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಅಂಕಿಗಳ ಜೋಡಣೆ. ಆಟದ ವರ್ತಮಾನ 998, ಅಂದರೆ ಒಪ್ಪಂದಕ್ಕೆ ಎರಡು ವರ್ಷ, ಸೈರ್‌ನ ನಾಶಕ್ಕೆ ನಾಲ್ಕು ವರ್ಷ. ಆಟಗಾರನೊಬ್ಬ ತನ್ನ ಪಾತ್ರದ ಹಾಳೆಯಲ್ಲಿ ವಯಸ್ಸು 30 ಎಂದು ಬರೆದ ಕೂಡಲೇ ಆ ಪಾತ್ರ 968ರಲ್ಲಿ ಹುಟ್ಟಿತು, ಹದಿನೆಂಟಕ್ಕೆ ಸೇನೆಗೆ ಸೇರಿದ್ದರೆ 986ರಲ್ಲಿ ಸೇರಿತು, ಯುದ್ಧ ಮುಗಿಯುವವರೆಗೆ ಹತ್ತು ವರ್ಷ ಎಲ್ಲಿತ್ತು, ಯಾರ ಕಡೆಗಿತ್ತು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಮನುಷ್ಯರಲ್ಲಿ ಯುದ್ಧಕ್ಕೆ ಮುಂಚಿನ ಶಾಂತಿಕಾಲವನ್ನು ಕಂಡವರು ಯಾರೂ ಉಳಿದಿಲ್ಲ, ಅಜ್ಜಿ ಹೇಳುವ ಕಥೆಯಲ್ಲೂ ಯುದ್ಧವೇ ಇದೆ. ಅದೇ ಮೇಜಿನಲ್ಲಿ 150 ವರ್ಷದ ಎಲ್ಫ್ ಪಾತ್ರವೊಂದಿದ್ದರೆ ಅದು ಹುಟ್ಟಿದ್ದು 848ರಲ್ಲಿ, ಅಖಂಡ ಸಾಮ್ರಾಜ್ಯವನ್ನು ಅದು ಕಣ್ಣಾರೆ ಕಂಡಿದೆ. ಒಬ್ಬನಿಗೆ ಗ್ಯಾಲಿಫಾರ್ ಎಂಬುದು ಪುರಾಣ, ಪಕ್ಕದಲ್ಲಿ ಕೂತವಳಿಗೆ ಬಾಲ್ಯ. ಚರಿತ್ರೆಯ ಪಾಠ ಒಪ್ಪಿಸದೆಯೇ ಇಬ್ಬರ ನಡುವೆ ಚರಿತ್ರೆಯ ವಾಗ್ವಾದ ಹುಟ್ಟುತ್ತದೆ.

ವಾರ್‌ಫೋರ್ಜ್ಡ್ ಎಂಬ ಜನವರ್ಗದಲ್ಲಿ ಈ ಲೆಕ್ಕಾಚಾರ ಇನ್ನೂ ಮೊನಚಾಗುತ್ತದೆ. ಮರ, ಲೋಹ, ಕಲ್ಲುಗಳಿಂದ ಯುದ್ಧಕ್ಕೆಂದೇ ತಯಾರಿಸಿದ, ಆದರೆ ಯೋಚಿಸುವ, ನೋಯುವ ಸೈನಿಕರು ಇವರು. ಕ್ಯಾನಿತ್ ಎಂಬ ತಯಾರಕ ಮನೆತನ ಇವರನ್ನು ಮೊದಲು ರೂಪಿಸಿದ್ದು 965ರಲ್ಲಿ, ಹಾಗಾಗಿ 998ರಲ್ಲಿ ಅತ್ಯಂತ ಹಿರಿಯನಿಗೂ 33ರ ಪ್ರಾಯ. ಒಪ್ಪಂದ ಇವರಿಗೆ ಸ್ವಾತಂತ್ರ್ಯ ಕೊಟ್ಟಿತು, ಅದೇ ಉಸಿರಿನಲ್ಲಿ ಇವರನ್ನು ಸೃಷ್ಟಿಸುವ ಕುಲುಮೆಗಳನ್ನೆಲ್ಲ ಕಳಚಿಹಾಕಬೇಕೆಂದು ವಿಧಿಸಿತು. ಎಂದರೆ, ನೀವು ಇಂದಿನಿಂದ ಜನ, ಆದರೆ ನಿಮ್ಮ ಮುಂದಿನ ಪೀಳಿಗೆ ಇರಕೂಡದು. ನಮ್ಮ ಗುಂಪಿನಲ್ಲಿ ಒಬ್ಬಳು ಇಂಥ ಪಾತ್ರವನ್ನು ಆಡುತ್ತಿದ್ದಳು. ಅದಕ್ಕೆ ಹೆಸರಿರಲಿಲ್ಲ, ಎಲ್ಲರೂ ‘ಕಾವಲು’ ಎನ್ನುತ್ತಿದ್ದೆವು. ನಾಲ್ಕನೆಯ ಸೆಷನ್ನಿನಲ್ಲಿ ಶಾರ್ನ್‌ನಲ್ಲಿ ಸೈರ್‌ನ ನಿರಾಶ್ರಿತರು ತುಂಬಿರುವ ಹೈ ವಾಲ್ಸ್ ಬಡಾವಣೆಗೆ ತಂಡ ಹೋದಾಗ, ಒಬ್ಬ ಮುದುಕಿ ಕಾವಲುವಿನ ತೋಳಿನ ಮೇಲಿದ್ದ ಸೈರ್ ಸೇನೆಯ ಮುದ್ರೆಯನ್ನು ಮುಟ್ಟಿ ನೋಡಿ, ಒಳಗಿಂದ ಒಂದು ಬಟ್ಟಲು ಸಾರು ತಂದಿಟ್ಟಳು. ವಾರ್‌ಫೋರ್ಜ್ಡ್‌ಗಳಿಗೆ ಹಸಿವಿಲ್ಲ, ಊಟ ಬೇಕಿಲ್ಲ. ಆಟಗಾರ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾವಲು ಬಟ್ಟಲು ಹಿಡ್ಕೊಂಡು ನಿಂತಿರುತ್ತೆ, ಆರೋವರೆಗೂ” ಎಂದಳು. ನನ್ನ ಟಿಪ್ಪಣಿಯಲ್ಲಿ ಮುದುಕಿಯೂ ಇರಲಿಲ್ಲ, ಸಾರೂ ಇರಲಿಲ್ಲ. ಒಪ್ಪಂದದ ಎರಡು ಕಲಮುಗಳು ಮತ್ತು ಒಂದು ಇಸವಿ ಸೇರಿ ಆ ಗಳಿಗೆಯನ್ನು ತಂದಿದ್ದವು.

ಸಂಸ್ಥೆಗಳ ಮಟ್ಟದಲ್ಲೂ ಇದೇ ಕ್ರಮ ಇದೆ. ವ್ಯಾಪಾರ, ಚಿಕಿತ್ಸೆ, ಸಾರಿಗೆ, ತಯಾರಿಕೆಗಳನ್ನು ಹಿಡಿದಿರುವ ಡ್ರಾಗನ್‌ಮಾರ್ಕ್ ಮನೆತನಗಳು ಭೂಮಿ, ಪದವಿ, ಸೇನೆ ಹೊಂದಬಾರದೆಂದು ಗ್ಯಾಲಿಫಾರ್‌ನ ಮೊದಲ ದೊರೆ ಕೋರ್ತ್ ಶಾಸನಗಳ ಮೂಲಕ ಕಟ್ಟು ಹಾಕಿದ್ದ, ಕೂಲಿಪಡೆ ನಡೆಸುವ ಡೆನೀತ್ ಮನೆತನಕ್ಕೆ ಮಾತ್ರ ಸೇನೆಯ ವಿಷಯದಲ್ಲಿ ವಿನಾಯಿತಿ. ಶಾಸನ ಇಂದಿಗೂ ಕಾಗದದ ಮೇಲಿದೆ, ಅದನ್ನು ಜಾರಿಗೊಳಿಸಬಲ್ಲ ಸಾಮ್ರಾಟನಿಲ್ಲ. ಐದೂ ಕಡೆಗೆ ಸರಕು ಮಾರಿ ಯುದ್ಧದಲ್ಲಿ ಬೆಳೆದ ಮನೆತನಗಳ ಮುಂದೆ ಸಾಲಗಾರ ದೊರೆಗಳು ನಿಂತಿದ್ದಾರೆ.

ಕನ್ನಡದ ಓದುಗನಿಗೆ ಇದನ್ನೆಲ್ಲ ಓದುವಾಗ 1565 ನೆನಪಾಗುವುದು ಸಹಜ. ರಕ್ಕಸ ತಂಗಡಿಯ ಕಾಳಗದ ನಂತರ ರಾಜಧಾನಿ ಹಾಳಾಯಿತು, ಅರಸುಮನೆತನ ಪೆನುಕೊಂಡೆಗೆ, ಆಮೇಲೆ ಚಂದ್ರಗಿರಿಗೆ ಸರಿಯಿತು, ಕೆಳದಿ, ಮಧುರೆ, ತಂಜಾವೂರಿನ ನಾಯಕರು ಮೆಲ್ಲಮೆಲ್ಲನೆ ತಮ್ಮ ಪಾಡಿಗೆ ತಾವು ಆಳತೊಡಗಿದರು, ಗೆದ್ದ ಸುಲ್ತಾನರ ಒಕ್ಕೂಟವೂ ಬಹುಕಾಲ ಒಗ್ಗಟ್ಟಿನಿಂದಿರಲಿಲ್ಲ. ಹೋಲಿಕೆಗಿಂತ ಇಲ್ಲಿನ ವ್ಯತ್ಯಾಸ ನನಗೆ ಹೆಚ್ಚು ಪ್ರಯೋಜನಕ್ಕೆ ಬಂತು. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು 1610ರಲ್ಲಿ, ಕಾಳಗದ 45 ವರ್ಷಗಳ ಅನಂತರ. ಆ ಅಂತರದಲ್ಲಿ ನಿಂತು ಆಟ ಕಟ್ಟಿದರೆ ಅದು ಹೊಸ ರಾಜ್ಯಗಳು ಮೇಲೇರುವ ಆಟವಾಗುತ್ತದೆ. ಕಾಳಗದ ಎರಡು ವರ್ಷಗಳ ಆಚೆ, 1567ರಲ್ಲಿ ನಿಂತು ಕಟ್ಟಿದರೆ, ಇನ್ನೂ ಯಾರು ಯಾರಿಗೆ ಕಪ್ಪ ಕೊಡಬೇಕೆಂದೇ ತಿಳಿಯದ ಪಾಳೆಯಗಾರನೊಬ್ಬನ ಗೊಂದಲದ ಆಟವಾಗುತ್ತದೆ. ಯುದ್ಧ ಒಂದೇ, ಅದರಿಂದ ಎಷ್ಟು ವರ್ಷ ದೂರ ನಿಲ್ಲುತ್ತೇವೆ ಎಂಬುದರ ಮೇಲೆ ಲೋಕದ ಬಣ್ಣವೇ ಬೇರೆಯಾಗುತ್ತದೆ.

ಎಬೆರಾನ್ ಆ ದೂರವನ್ನು ಎರಡು ವರ್ಷಕ್ಕೆ ನಿಗದಿ ಮಾಡಿ ಅಲ್ಲಿಯೇ ಗಡಿಯಾರ ನಿಲ್ಲಿಸಿದೆ. 2009ರ ಆವೃತ್ತಿಯೂ 2019ರ ಆವೃತ್ತಿಯೂ 998ರಲ್ಲೇ ಆರಂಭವಾಗುತ್ತವೆ. ಇದೇ ಆಟದ ಇನ್ನೊಂದು ಪ್ರಸಿದ್ಧ ಲೋಕವಾದ ಫರ್ಗಾಟನ್ ರೆಲ್ಮ್ಸ್ 2008ರಲ್ಲಿ ತನ್ನ ಕಾಲವನ್ನು ಸುಮಾರು ಒಂದು ಶತಮಾನ ಮುಂದಕ್ಕೆ ಎಳೆದಾಗ, ಅಲ್ಲಿಯವರೆಗೆ ಆಡಿಕೊಂಡು ಬಂದವರ ಪಾತ್ರಗಳೂ ಊರುಗಳೂ ಒಮ್ಮೆಲೇ ಹಳತಾದವು, ಅನೇಕರು ಬೇಸರಪಟ್ಟರು. ಗಡಿಯಾರ ನಿಲ್ಲಿಸುವುದರಲ್ಲೂ ನಷ್ಟವಿದೆ: ಬೊರಾನೆಲ್ ದೊರೆ 2004ರಿಂದಲೂ ವಯಸ್ಸಾಗುತ್ತಿರುವ ದೊರೆಯಾಗಿಯೇ ಇದ್ದಾನೆ. ಆದರೂ ಮುಂದಿನದು ಬರೆದಿಲ್ಲವೆಂಬುದೇ ಆಟಗಾರರಿಗೆ ಸಿಗುವ ಜಾಗ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಟಗಾರರು ಸೈರ್‌ನ ನಾಶದ ಕಾರಣವನ್ನು ಹುಡುಕುತ್ತಿದ್ದರು, ಹುಡುಕುವುದು ಸಹಜವೂ ಹೌದು. ಎಂಟನೆಯ ಸೆಷನ್ನಿನಲ್ಲಿ, ಮಂಜಿನೊಳಗಿನ ಪಾಳು ಕಾರ್ಖಾನೆಯೊಂದರಲ್ಲಿ, ಅವರಿಗೆ ಕ್ಯಾನಿತ್ ಮನೆತನದ ಒಂದು ದಿನವಹಿ ಸಿಗುವಂತೆ ಮಾಡಿದೆ. ಹೊಸ ಅಸ್ತ್ರವೊಂದರ ಪ್ರಯೋಗ ಕೈಮೀರಿತು, ಯಂತ್ರವೂ ಅದನ್ನು ಕಟ್ಟಿದವರೂ ಅದೇ ಕ್ಷಣದಲ್ಲಿ ಬೂದಿಯಾದರು ಎಂಬುದು ಅದರ ಸಾರ. ಮೇಜಿನ ಸುತ್ತ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು, ನಾನು ಒಳ್ಳೆಯ ಕೆಲಸ ಮಾಡಿದೆನೆಂದೇ ಮನೆಗೆ ಹೋದೆ. ಒಂದು ವಾರ ಕಳೆದ ಮೇಲೆ ಆ ಉತ್ತರದ ಪರಿಣಾಮ ಗೊತ್ತಾಯಿತು. ನಾಶ ಆಕಸ್ಮಿಕವಾಗಿದ್ದರೆ, ಅಸ್ತ್ರವೂ ಅದರ ಜ್ಞಾನವೂ ಇಲ್ಲವಾಗಿದ್ದರೆ, ಯಾವ ನಾಡಿಗೂ ಇನ್ನು ಹೆದರಬೇಕಾದ ಅಗತ್ಯವಿಲ್ಲ. ತಂಡ ಆ ಸುದ್ದಿಯನ್ನು ಕಾರ್ನಾಥ್‌ನ ಸೇನಾಧಿಪತಿಯೊಬ್ಬನಿಗೆ ಮಾರಿತ್ತು. ಸಂಧಿಯನ್ನು ಹೇಡಿತನವೆಂದು ಹೀಗಳೆಯುವ ಸೇನಾಧಿಪತಿಗಳು ಆ ನಾಡಿನಲ್ಲಿ ಧಾರಾಳ. ದಾಳದ ಡಬ್ಬಿ ಮುಚ್ಚುತ್ತಾ ನನ್ನ ಗೆಳೆಯ ಕೇಳಿದ್ದು ಇದನ್ನೇ. ಮಾರುಕಟ್ಟೆಯ ಬೇಹುಗಾರ, ಗಡಿಯ ಕಾವಲುಗಾರ, ಸಾಲಗಾರ ದೊರೆ, ಎಲ್ಲರ ಎಚ್ಚರದ ನಡೆಗೂ ಒಂದೇ ಕಾರಣವಿತ್ತು, ಅದು ಹೋದ ಮೇಲೆ ಅವರೆಲ್ಲ ಯಾಕೆ ಹಾಗೆ ನಡೆದುಕೊಳ್ಳುತ್ತಿದ್ದಾರೆಂದು ನನಗೇ ತಿಳಿಯದಾಯಿತು.

ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ‘ಅದು ಸುಳ್ಳಾಗಿತ್ತು’ ಎಂದು ಆಟ ನಡೆಸುವವನೇ ಘೋಷಿಸಿದರೆ ಮುಂದೆ ಅವನು ಹೇಳುವ ಯಾವುದನ್ನೂ ಯಾರೂ ನಂಬುವುದಿಲ್ಲ. ಥ್ರೇನ್‌ನ ಪಾದ್ರಿಯೊಬ್ಬ ಇದು ದೈವದಂಡನೆ ಎಂಬುದಕ್ಕೆ ಸಾಕ್ಷ್ಯ ತರುವುದು, ಆನ್‌ಡೇರ್‌ನ ರಾಯಭಾರಿ ಇದು ತಮ್ಮ ಮಾಂತ್ರಿಕರ ಕೈವಾಡವೆಂದು ಗುಟ್ಟಾಗಿ ಬೆದರಿಸುವುದು, ಹೀಗೆ ಎದುರು ಕಥನಗಳನ್ನು ತಂದು ಉತ್ತರವನ್ನು ಮಸುಕು ಮಾಡಬಹುದಿತ್ತು. ಅವನ್ನು ಬರೆದೂ ನೋಡಿದೆ. ಮೂರು ಸುಳ್ಳುಗಳ ನಡುವೆ ಒಂದು ನಿಜವನ್ನು ಅಡಗಿಸಿಟ್ಟಂತೆ ಕಂಡಿತೇ ಹೊರತು, ಭಯ ಮರಳಿ ಬರಲಿಲ್ಲ.

ದಾರಿ ಸಿಕ್ಕಿದ್ದು ಪಂಚಾಂಗದಲ್ಲಿ. ಆ ಲೋಕದಲ್ಲಿ ತಿಂಗಳಿಗೆ 28 ದಿನ, ವರ್ಷಕ್ಕೆ 336 ದಿನ, ಮತ್ತು ನಾಶದ ದಿನಾಂಕ ಪ್ರತಿ ಮಗುವಿಗೂ ಗೊತ್ತು. ದಿನವಹಿಯನ್ನು ನಾನು ಒಂದು ಹಾಳೆಯಲ್ಲಿ ಕೈಬರಹದಲ್ಲೇ ಬರೆದು ಕೊಟ್ಟಿದ್ದೆ, ಆದರೆ ನಮೂದುಗಳಿಗೆ ದಿನಾಂಕ ಹಾಕಿರಲಿಲ್ಲ. ಹತ್ತನೆಯ ಸೆಷನ್ನಿಗೆ, ಮಾಸಿದ ಅಂಚನ್ನು ಮಂತ್ರದಿಂದ ಓದುವಂತೆ ಮಾಡಿದ್ದಾರೆಂಬ ನೆಪದಲ್ಲಿ, ಅದೇ ಹಾಳೆಯನ್ನು ದಿನಾಂಕ ಸಮೇತ ಮತ್ತೆ ಕೊಟ್ಟೆ. ಹೇಳಿದ್ದ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಕಾವಲುವಿನ ಆಟಗಾರ್ತಿ ಬೆರಳಿಟ್ಟುಕೊಂಡು ಓದುತ್ತಾ ಕೊನೆಯ ಸಾಲಿಗೆ ಬಂದು ನಿಂತಳು. ಯಂತ್ರವೂ ಅದನ್ನು ಕಟ್ಟಿದವರೂ ಬೂದಿಯಾದರು ಎಂಬ ಆ ಸಾಲಿನ ಪಕ್ಕದಲ್ಲಿ ಓಲಾರೂನ್ 23 ಎಂದಿತ್ತು.

ನಾಶವಾಗಿ ಮೂರು ದಿನ ಕಳೆದಿದ್ದ ಆ ದಿನ ಆ ಮಂಜಿನೊಳಗೆ ಕೂತು ಬರೆಯಲು ಯಾರೂ ಬದುಕಿರುವಂತಿರಲಿಲ್ಲ. ಬದುಕಿದ್ದವನು ಯಂತ್ರದ ಬಗ್ಗೆ ಎಲ್ಲವನ್ನೂ ಬಲ್ಲವನು, ಮತ್ತು ಅದು ಹಾಳಾಯಿತೆಂದು ಜಗತ್ತು ನಂಬಬೇಕೆಂದು ಬಯಸಿದವನು. ಮೇಜಿನ ಆ ತುದಿಯಿಂದ ಮೊದಲು ಕೇಳಿಬಂದದ್ದು, ಕಾರ್ನಾಥ್‌ನ ಸೇನಾಧಿಪತಿಗೆ ಮಾರಿದ ಪ್ರತಿಯಲ್ಲಿ ದಿನಾಂಕಗಳಿದ್ದವೇ ಎಂಬ ಪ್ರಶ್ನೆ. ಇರಲಿಲ್ಲ. ಆಮೇಲಿನ ಎರಡು ಗಂಟೆ ಅವರು ಕತ್ತಿ ಎತ್ತಲಿಲ್ಲ, ದಾಳ ಎರಡು ಬಾರಿ ಮಾತ್ರ ಉರುಳಿತು. ಕೈಬರಹವನ್ನು ಗುರುತಿಸಬಲ್ಲ ಹಳೆಯ ಗುಮಾಸ್ತರು ಯಾರಾದರೂ ಓರ್ಗೆವ್‌ನ ದರ್ಬಾರಿನಲ್ಲಿ ಉಳಿದಿರಬಹುದೆಂದು ಲೆಕ್ಕ ಹಾಕಿ, ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು ಹೊಸ ಸೈರ್‌ಗೆ ಹೋಗುವ ಏರ್ಪಾಡು ಮಾಡಿಕೊಂಡರು.